ಕರುಳಿನ ಅಣುಜೀವಿ ಮತ್ತು ಮೆದುಳಿನ ಗಡ್ಡೆ: ಎರಡು ದಾರಿಗಳು ಕೂಡಿದ ಚರಿತ್ರೆ



ನಮ್ಮ ಕನ್ನಡದಲ್ಲಿ ಕರುಳು ಎಂಬ ಮಾತಿಗೆ ಎರಡು ಅರ್ಥ. ಒಂದು, ಹೊಟ್ಟೆಯೊಳಗಿನ ಉದ್ದನೆಯ ಕೊಳವೆ. ಇನ್ನೊಂದು, ವಾತ್ಸಲ್ಯ. ಮಗು ಬಿದ್ದರೆ ಹೆತ್ತ ಕರುಳು ಚುರುಕ್ಕೆನ್ನುತ್ತದೆ ಎನ್ನುತ್ತೇವೆಯೇ ಹೊರತು ಹೆತ್ತ ಮೆದುಳು ಚುರುಕ್ಕೆನ್ನುತ್ತದೆ ಎನ್ನುವುದಿಲ್ಲ! ಆದರೆ ವಿಜ್ಞಾನದ ತರಗತಿಗೆ ಬಂದಾಗ ನಾವು ಈ ಮಾತನ್ನು ಮರೆಯುತ್ತೇವೆ. ಜೀರ್ಣಾಂಗದ ಪಾಠ ಬೇರೆ, ನರವ್ಯೂಹದ ಪಾಠ ಬೇರೆ, ರೋಗಾಣು ಮತ್ತು ರೋಗನಿರೋಧಕ ಶಕ್ತಿಯ ಪಾಠ ಇನ್ನೂ ಬೇರೆ. ಒಂದು ಪರೀಕ್ಷೆಗೆ ಓದಿದ್ದನ್ನು ಮಕ್ಕಳು ಇನ್ನೊಂದು ಪರೀಕ್ಷೆಗೆ ತರುವುದಿಲ್ಲ.

ಮಕ್ಕಳನ್ನು ದೂರಿ ಫಲವಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೂ ನೂರು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಮಾಡಿದರು. ಕರುಳಿನ ಅಣುಜೀವಿಗಳನ್ನು ನೋಡಿದವರು ಮೆದುಳಿನ ಕಡೆ ತಿರುಗಲಿಲ್ಲ, ಮೆದುಳಿನ ಗಡ್ಡೆಯನ್ನು ಕೊಯ್ದವರು ಕರುಳಿನ ಕಡೆ ತಿರುಗಲಿಲ್ಲ. ಈ ಎರಡು ದಾರಿಗಳು ಕೂಡಿದ್ದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ. ಆ ಚರಿತ್ರೆಯನ್ನು ಬರೆಯಲು ಒಂದು ಕಾರಣವೂ ಇದೆ. ಊರಲ್ಲಿ ಯಾರಿಗಾದರೂ ಮೆದುಳಿನ ಗಡ್ಡೆ ಎಂದು ಗೊತ್ತಾದರೆ ಸಾಕು, ಮನೆಯವರ ಮೊಬೈಲಿಗೆ ಸಂದೇಶಗಳು ಬರತೊಡಗುತ್ತವೆ. "ಕರುಳು ಶುದ್ಧಿ ಮಾಡಿ, ಗಡ್ಡೆ ಕರಗುತ್ತದೆ", "ಈ ಪುಡಿ ತಿನ್ನಿಸಿ" ಇತ್ಯಾದಿ. ಅವರು ಅದನ್ನು ತಂದು ಶಾಲೆಯ ವಿಜ್ಞಾನದ ಮೇಷ್ಟ್ರಿಗೋ ಟೀಚರಿಗೋ ತೋರಿಸಿ "ಇದು ಹೌದಾ?" ಎಂದು ಕೇಳುತ್ತಾರೆ. ಹೌದು ಎಂದರೆ ಸುಳ್ಳು, ಪೂರ್ತಿ ಅಲ್ಲ ಎಂದರೂ ಸುಳ್ಳು. ಎಲ್ಲಿಯವರೆಗೆ ಹೌದು ಎಂಬುದನ್ನು ಹೇಳಬೇಕಾದರೆ ಚರಿತ್ರೆಯನ್ನೇ ಹೇಳಬೇಕು.

ಮೊದಲ ದಾರಿ: ಹೊಟ್ಟೆಯೊಳಗಿನ ಜೀವಿಗಳು

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರಗಳಲ್ಲಿ ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದ. 1681ರಲ್ಲಿ ಅವನಿಗೆ ಭೇದಿಯಾಯಿತು. ಬೇರೆಯವರಾದರೆ ಮುಚ್ಚಿಡುತ್ತಿದ್ದರು, ಇವನು ಅದನ್ನೂ ಮಸೂರದ ಕೆಳಗಿಟ್ಟ. ಒಳಗೆ ಚಲಿಸುವ ಪುಟ್ಟ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅದಕ್ಕೆ ನಾಲ್ಕು ವರ್ಷ ಮೊದಲು, 1677ರಲ್ಲಿ, ಸ್ವಿಟ್ಜರ್ಲೆಂಡಿನ ಯೋಹಾನ್ ಪೇಯರ್ ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಗಂಟುಗಂಟಾದ ತೇಪೆಗಳಿವೆ ಎಂದು ವಿವರಿಸಿದ್ದ. ಅವು ಏತಕ್ಕೆ ಎಂದು ಅವನಿಗೆ ಗೊತ್ತಾಗಲಿಲ್ಲ. ಈ ಗಂಟುಗಳನ್ನು ನೆನಪಿಡಿ, ಮುಂದೆ ಬರುತ್ತವೆ.

ಇನ್ನೂರು ವರ್ಷಗಳ ಮೇಲೆ, 1885ರಲ್ಲಿ, ಮ್ಯೂನಿಕ್ಕಿನ ಮಕ್ಕಳ ವೈದ್ಯ ಥಿಯೋಡೋರ್ ಎಶೆರಿಖ್ ಹಸುಗೂಸುಗಳ ಮಲದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ನಮ್ಮ ಪಾಠಪುಸ್ತಕದ ಇ. ಕೋಲಿ ಅದೇ. ಹೆಸರಿನ ಆ 'ಇ' ಎಶೆರಿಖ್ ಅವರದು. ಅದೇ ವರ್ಷ ಲೂಯಿ ಪಾಶ್ಚರ್ ಒಂದು ಪ್ರಶ್ನೆ ಎತ್ತಿದರು: ಅಣುಜೀವಿಗಳೇ ಇಲ್ಲದೆ ಪ್ರಾಣಿ ಬದುಕಬಲ್ಲುದೇ? ಬದುಕಲಾರದು ಎಂದು ಅವರ ಊಹೆ. ಹತ್ತು ವರ್ಷದಲ್ಲಿ, 1895ರಲ್ಲಿ, ಬರ್ಲಿನ್ನಿನ ನಟಾಲ್ ಮತ್ತು ಟೀರ್‌ಫೆಲ್ಡರ್ ಗಿನಿ ಹಂದಿಯ ಮರಿಗಳನ್ನು ತಾಯಿಯ ಹೊಟ್ಟೆ ಕೊಯ್ದು ತೆಗೆದು, ಅಣುಜೀವಿರಹಿತ ಪೆಟ್ಟಿಗೆಯಲ್ಲಿ ಕೆಲವು ದಿನ ಬದುಕಿಸಿ ತೋರಿಸಿದರು. ಬದುಕಬಹುದು, ಆದರೆ ಹೇಗೆ ಬದುಕುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1940ರ ದಶಕದಿಂದೀಚೆಗೆ. ಅಮೆರಿಕದ ನಾಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರೇನಿಯರ್ಸ್ ತಂಡ ಲೋಹದ ಪೆಟ್ಟಿಗೆಗಳಲ್ಲಿ ಅಣುಜೀವಿರಹಿತ ಇಲಿಗಳನ್ನು ಪೀಳಿಗೆಗಟ್ಟಲೆ ಸಾಕಿತು. ಇಂತಹ ಪ್ರಾಣಿಗಳಲ್ಲಿ ಪೇಯರ್ ಕಂಡಿದ್ದ ಆ ಗಂಟುಗಳು ಸರಿಯಾಗಿ ಬೆಳೆದೇ ಇರಲಿಲ್ಲ! ಆ ಗಂಟುಗಳು ಬಿಳಿ ರಕ್ತಕಣಗಳ ತರಬೇತಿಯ ಜಾಗ. ಶಿಷ್ಯರಿದ್ದಾರೆ, ಪಾಠ ಹೇಳುವವರಿಲ್ಲ ಎಂಬಂತಾಗಿತ್ತು. ದೇಹದ ರಕ್ಷಣಾ ಪಡೆಯ ಬಹುದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇದೆ, ಆ ಪಡೆಗೆ ಮೊದಲ ಪಾಠ ಹೇಳುವವು ಕರುಳಿನ ಬ್ಯಾಕ್ಟೀರಿಯಾಗಳು ಎಂಬುದು ನಿಧಾನವಾಗಿ ತಿಳಿಯಿತು.

ಎಷ್ಟಿವೆ ಅವು? ನಮ್ಮ ದೇಹದ ಕೋಶಗಳಿಗಿಂತ ಹತ್ತು ಪಟ್ಟು ಎಂದು ಬಹಳ ಕಾಲ ಎಲ್ಲರೂ ಬರೆಯುತ್ತಿದ್ದರು, ನಾವೂ ಹಾಗೆಯೇ ಪಾಠ ಮಾಡುತ್ತಿದ್ದೆವು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಲೆಕ್ಕವನ್ನು ಮತ್ತೆ ಮಾಡಿದರು. ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಮನುಷ್ಯನ ಕೋಶಗಳು ಸುಮಾರು 30 ಲಕ್ಷ ಕೋಟಿ. ಹೆಚ್ಚು ಕಡಿಮೆ ಸರಿಸಮ. ಎಲ್ಲವೂ ಸೇರಿದರೆ ತೂಕ ಸುಮಾರು 200 ಗ್ರಾಂ.

ಎರಡನೆಯ ದಾರಿ: ಮೆದುಳಿನ ಸುತ್ತಲಿನ ಗಡಿ

ಎಶೆರಿಖ್ ಮತ್ತು ಪಾಶ್ಚರ್ ಅವರ ಅದೇ 1885ನೇ ವರ್ಷ ಜರ್ಮನಿಯಲ್ಲಿ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣದ ದ್ರಾವಣ ಚುಚ್ಚಿ ನೋಡುತ್ತಿದ್ದರು. ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮೆದುಳಿಗೆ ಮಾತ್ರ ಹತ್ತಲಿಲ್ಲ. ಮೆದುಳಿಗೆ ಆ ಬಣ್ಣದ ಮೇಲೆ ಒಲವಿಲ್ಲ, ಅಷ್ಟೇ, ಎಂದು ಅವರು ತಿಳಿದರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ನೇರವಾಗಿ ಮೆದುಳಿನ ದ್ರವಕ್ಕೇ ಚುಚ್ಚಿದರು. ಈಗ ಮೆದುಳು ಬಣ್ಣವಾಯಿತು, ಉಳಿದ ದೇಹಕ್ಕೆ ಹತ್ತಲಿಲ್ಲ! ಅಂದರೆ ಒಲವಿನ ಪ್ರಶ್ನೆಯಲ್ಲ, ನಡುವೆ ಒಂದು ಗಡಿಯಿದೆ. ಅದನ್ನೇ ಇಂದು ರಕ್ತ-ಮೆದುಳಿನ ತಡೆ ಎನ್ನುತ್ತೇವೆ.

ಆ ಗಡಿಯ ಒಳಗೆ ಕ್ಯಾನ್ಸರ್ ಹುಟ್ಟಿದರೆ? 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯರು ಒಬ್ಬ ಯುವಕನ ತಲೆಬುರುಡೆ ತೆರೆದು ಗ್ಲಯೋಮಾ ಗಡ್ಡೆಯನ್ನು ತೆಗೆದರು. ಗಡ್ಡೆ ಎಲ್ಲಿದೆ ಎಂದು ರೋಗಲಕ್ಷಣಗಳಿಂದಲೇ ಲೆಕ್ಕಹಾಕಿ ತೆಗೆದ ಮೊದಲ ಶಸ್ತ್ರಚಿಕಿತ್ಸೆಗಳಲ್ಲಿ ಅದೊಂದು. ಗಡ್ಡೆ ಬಂತು, ಆದರೆ ಗಾಯಕ್ಕೆ ಸೋಂಕು ತಗಲಿ ರೋಗಿ ಸುಮಾರು ಒಂದು ತಿಂಗಳಲ್ಲಿ ತೀರಿಕೊಂಡ. ಮುಂದೆ 1926ರಲ್ಲಿ ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವೆ ಕುಶಿಂಗ್ ಮೆದುಳಿನ ಗಡ್ಡೆಗಳನ್ನು ಜಾತಿವಾರು ವಿಂಗಡಿಸಿದರು. ಅವುಗಳಲ್ಲಿ ಅತ್ಯಂತ ಕ್ರೂರಿ ಗ್ಲಯೋಬ್ಲಾಸ್ಟೋಮಾ. ಅದು ಬೇರು ಬಿಟ್ಟಂತೆ ಸುತ್ತಲೂ ಹರಡುತ್ತದೆ. 1928ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ಇಂತಹ ರೋಗಿಗಳ ಮೆದುಳಿನ ಬಲ ಅರ್ಧಗೋಳವನ್ನೇ ತೆಗೆದ ವರದಿ ಕೊಟ್ಟರು. ಆದರೂ ಗಡ್ಡೆ ಮರಳಿ ಬಂತು. ಚೂರಿಯೊಂದರಿಂದಲೇ ಇದು ಮುಗಿಯುವುದಿಲ್ಲ ಎಂದು ಆಗಲೇ ಗೊತ್ತಾಯಿತು.

ಹಾಗಾದರೆ ದೇಹದ ಸ್ವಂತ ಪಡೆ ಏನು ಮಾಡುತ್ತಿತ್ತು? 1921ರಲ್ಲಿ ಜಪಾನಿನ ಶಿರಾಯಿ ಎಂಬವರು ಇಲಿಯ ಗಡ್ಡೆಯನ್ನು ಸುಂಡಿಲಿಯ ಮೈಗೆ ಹಾಕಿದರೆ ಅದು ಬೆಳೆಯುವುದಿಲ್ಲ, ಮೆದುಳಿಗೆ ಹಾಕಿದರೆ ಬೆಳೆಯುತ್ತದೆ ಎಂದು ಕಂಡಿದ್ದರು. 1948ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡಾವರ್ ಮೊಲದ ಮೆದುಳಿಗೆ ಬೇರೆ ಮೊಲದ ಚರ್ಮದ ತುಂಡನ್ನು ಕಸಿ ಮಾಡಿದರು. ಪರಕೀಯ ಚರ್ಮ ಅಲ್ಲಿ ಉಳಿಯಿತು. ಇದರಿಂದ ಮೆದುಳು ರಕ್ಷಣಾ ಪಡೆಯ ಪ್ರವೇಶವಿಲ್ಲದ ಕೋಟೆ ಎಂಬ ಅಭಿಪ್ರಾಯ ಬೇರೂರಿತು. ಆದರೆ ಮೆಡಾವರ್ ಅವರ ಅದೇ ಪ್ರಯೋಗದಲ್ಲಿ ಇನ್ನೊಂದು ಫಲಿತಾಂಶವೂ ಇತ್ತು. ಮೊಲದ ಮೈಮೇಲೆ ಅದೇ ಚರ್ಮವನ್ನು ಮೊದಲೇ ಕಸಿ ಮಾಡಿ, ಪಡೆಗೆ ಶತ್ರುವಿನ ಗುರುತು ಹಿಡಿಸಿಬಿಟ್ಟಿದ್ದರೆ, ಆಮೇಲೆ ಮೆದುಳಿನೊಳಗಿನ ಚರ್ಮವೂ ನಾಶವಾಗುತ್ತಿತ್ತು. ಅಂದರೆ ಹೊರಗೆ ತರಬೇತಾದ ಪಡೆ ಒಳಗೆ ಹೋಗಬಲ್ಲುದು. ಈ ಎರಡನೆಯ ಮಾತನ್ನು ಹೆಚ್ಚಿನವರು ಗಮನಿಸಲಿಲ್ಲ.

ಗಡಿ ಎಂದರೆ ಗೋಡೆಯಲ್ಲ ಎಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲಪಾಡಿಯ ಆಚೆ ಕರ್ನಾಟಕ, ಈಚೆ ಕೇರಳ. ಆದರೆ ಮದುವೆ ಸಂಬಂಧ, ಮೀನಿನ ಲಾರಿ, ಯಕ್ಷಗಾನದ ಮೇಳ ಎಲ್ಲವೂ ಆಚೆ ಈಚೆ ಹೋಗುತ್ತಲೇ ಇರುತ್ತವೆ. 2020ರ ಮಾರ್ಚಿನಲ್ಲಿ ಆ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆಲ್ಲ ಗೊತ್ತು. ಮುಚ್ಚಿದ ಮೇಲೆಯೇ ದಿನವೂ ಎಷ್ಟು ಸಂಚಾರ ನಡೆಯುತ್ತಿತ್ತು ಎಂಬುದು ಲೆಕ್ಕಕ್ಕೆ ಸಿಕ್ಕಿದ್ದು. ಮೆದುಳಿನ ಗಡಿಯೂ ಹೀಗೆಯೇ. 2015ರಲ್ಲಿ ಅಮೆರಿಕದ ವರ್ಜೀನಿಯಾ ಮತ್ತು ಫಿನ್ಲೆಂಡಿನ ಹೆಲ್ಸಿಂಕಿಯ ಎರಡು ತಂಡಗಳು ಮೆದುಳಿನ ಹೊದಿಕೆಯಲ್ಲಿ ದುಗ್ಧನಾಳಗಳಿವೆ ಎಂದು ತೋರಿಸಿದವು. ಮೆದುಳಿನ ಸುದ್ದಿ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹೋಗುವ ದಾರಿಯೇ ಅಲ್ಲಿತ್ತು.

ಒಂದೇ ಪ್ರಶಸ್ತಿ ಹಂಚಿಕೊಂಡ ಇಬ್ಬರು

ಈ ಎರಡು ದಾರಿಗಳು 1908ರಲ್ಲೇ ಒಮ್ಮೆ ಬಹಳ ಹತ್ತಿರ ಬಂದಿದ್ದವು. ಆ ವರ್ಷದ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಿ ಕೊಟ್ಟರು. ಒಬ್ಬರು ಮೆದುಳಿಗೆ ಬಣ್ಣ ಹತ್ತದ್ದನ್ನು ಕಂಡ ಪಾಲ್ ಎರ್ಲಿಖ್. ಇನ್ನೊಬ್ಬರು ಈಗಿನ ಉಕ್ರೇನಿನಲ್ಲಿ ಹುಟ್ಟಿದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇವರು ನಕ್ಷತ್ರ ಮೀನಿನ ಪಾರದರ್ಶಕ ಲಾರ್ವಾಕ್ಕೆ ಗುಲಾಬಿಯ ಮುಳ್ಳು ಚುಚ್ಚಿಟ್ಟು, ಮರುದಿನ ನೋಡಿದಾಗ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಅನ್ಯವಸ್ತುವನ್ನು ನುಂಗುವ ಕೋಶಗಳ ಕಲ್ಪನೆ ಹುಟ್ಟಿದ್ದು ಹೀಗೆ. ಆಮೇಲೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದು ಅವರು ಕರುಳಿನ ಬ್ಯಾಕ್ಟೀರಿಯಾಗಳ ಹಿಂದೆ ಬಿದ್ದರು. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳಿಂದ ಮುಪ್ಪು ಬೇಗ ಬರುತ್ತದೆ, ಮೊಸರಿನ ಬ್ಯಾಕ್ಟೀರಿಯಾ ಅದನ್ನು ತಡೆಯುತ್ತದೆ ಎಂಬುದು ಅವರ ವಾದ. ಎರ್ಲಿಖ್ ಅವರೋ 1909ರಲ್ಲಿ, ದೇಹದಲ್ಲಿ ಆಗಾಗ ಕ್ಯಾನ್ಸರ್ ಕೋಶಗಳು ಹುಟ್ಟುತ್ತಿರಬೇಕು, ರಕ್ಷಣಾ ಪಡೆ ಅವುಗಳನ್ನು ಅಡಗಿಸುತ್ತಿರಬೇಕು ಎಂದರು. ಕರುಳಿನ ಅಣುಜೀವಿ, ರಕ್ಷಣಾ ಪಡೆ, ಕ್ಯಾನ್ಸರ್, ಮೆದುಳಿನ ಗಡಿ... ನಾಲ್ಕು ಎಳೆಗಳೂ ಈ ಇಬ್ಬರ ಕೈಯಲ್ಲಿದ್ದವು. ಆದರೆ ಹೆಣೆಯುವುದಕ್ಕೆ ಕಾಲ ಬಂದಿರಲಿಲ್ಲ.

ಕಾಲ ಬರುವ ಮೊದಲೇ ಹೆಣೆಯಹೊರಟರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ಉದಾಹರಣೆ ಇದೆ. ದೊಡ್ಡ ಕರುಳು ವಿಷದ ಮಡು ಎಂಬ ಅಂದಿನ ನಂಬಿಕೆಯನ್ನು ಹಿಡಿದು ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಮೊಸರು ಕುಡಿದು ಸುಮ್ಮನಿದ್ದವರಿಗೆ ನಷ್ಟವಾಗಲಿಲ್ಲ, ಕರುಳು ಕಳೆದುಕೊಂಡವರಿಗೆ ಅದು ಮರಳಿ ಬರಲಿಲ್ಲ.

ಸ್ಪೇನಿನ ಪಿಯೋ ದೆಲ್ ರಿಯೋ ಓರ್ಟೇಗಾ 1919ರಲ್ಲಿ ಇನ್ನೊಂದು ಎಳೆ ಸೇರಿಸಿದರು. ಮೆಚ್ನಿಕಾಫ್ ಹೇಳಿದ ನುಂಗುವ ಕೋಶಗಳ ಜಾತಿಯವು ಮೆದುಳಿನ ಒಳಗೂ ಇವೆ ಎಂದು ತೋರಿಸಿ ಅವಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. ಕೋಟೆಯೊಳಗೆ ಕಾವಲುಗಾರರಿದ್ದರು. ಅವರಿಗೆ ಎಚ್ಚರ ಎಲ್ಲಿಂದ ಬರುತ್ತದೆ ಎಂಬುದೇ ಪ್ರಶ್ನೆ.

ಪಡೆಯನ್ನು ಎಬ್ಬಿಸುವ ಪ್ರಯತ್ನ

1891ರಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ಗಡ್ಡೆಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿದರು. ಚರ್ಮದ ಸೋಂಕು ತಗಲಿದ ಮೇಲೆ ಗಡ್ಡೆ ಮಾಯವಾದ ಒಬ್ಬ ರೋಗಿಯ ಹಳೆಯ ದಾಖಲೆ ಅವರಿಗೆ ಸಿಕ್ಕಿತ್ತು. ಕೆಲವರಿಗೆ ಗುಣವಾಯಿತು, ಕೆಲವರಿಗೆ ಸೋಂಕೇ ಮುಳುವಾಯಿತು. ಮುಂದೆ ಅವರು ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣ ಬಳಸಿದರು. ವಿಕಿರಣ ಚಿಕಿತ್ಸೆ ಬಂದ ಮೇಲೆ ಇದು ಮೂಲೆಗೆ ಸರಿಯಿತು.

ಪಡೆ ಏಕೆ ಸುಮ್ಮನಿರುತ್ತದೆ ಎಂಬುದು 1990ರ ದಶಕದಲ್ಲಿ ಬಿಡಿಸಿಕೊಂಡಿತು. ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳಲ್ಲಿ ಬ್ರೇಕುಗಳಿವೆ. ಗಡ್ಡೆ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಬ್ರೇಕು ಬಿಡಿಸುವ ಔಷಧಕ್ಕೆ ದಾರಿ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಚರ್ಮದ ಮೆಲನೋಮಾ ಕ್ಯಾನ್ಸರಿನಲ್ಲಿ ಈ ಔಷಧಗಳು ಹಲವರ ಪ್ರಾಣ ಉಳಿಸಿದವು. ಗ್ಲಯೋಬ್ಲಾಸ್ಟೋಮಾದಲ್ಲಿ? ಒಮ್ಮೆ ಗುಣವಾದಂತೆ ಕಂಡು ಮರಳಿದ ಗಡ್ಡೆಯ 369 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಹೊಸ ಔಷಧ ಪಡೆದವರ ಮಧ್ಯಾಂಕ ಆಯುಸ್ಸು 9.8 ತಿಂಗಳು, ಹೋಲಿಕೆಯ ಔಷಧ ಪಡೆದವರದು 10 ತಿಂಗಳು. ಅಂದರೆ ಏನೂ ವ್ಯತ್ಯಾಸವಾಗಲಿಲ್ಲ.

ಈ ರೋಗದಲ್ಲಿ ಒಂದೊಂದು ತಿಂಗಳೂ ಎಷ್ಟು ದುಬಾರಿ ಎಂಬುದಕ್ಕೆ ಇನ್ನೊಂದು ಲೆಕ್ಕ ನೋಡಿ. 2005ರಲ್ಲಿ 573 ರೋಗಿಗಳ ಪರೀಕ್ಷೆಯಲ್ಲಿ ವಿಕಿರಣದ ಜೊತೆಗೆ ಟೆಮೋಜೊಲೊಮೈಡ್ ಎಂಬ ಗುಳಿಗೆ ಕೊಟ್ಟಾಗ ಮಧ್ಯಾಂಕ ಆಯುಸ್ಸು 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಎರಡು ವರ್ಷ ದಾಟಿ ಬದುಕಿದವರು ನೂರಕ್ಕೆ 10ರಿಂದ 26ಕ್ಕೆ ಏರಿದರು. ಶಸ್ತ್ರಚಿಕಿತ್ಸೆ, ವಿಕಿರಣ, ಈ ಗುಳಿಗೆ: ಇಂದಿಗೂ ಚಿಕಿತ್ಸೆಯ ಬುನಾದಿ ಇದೇ. ಇಷ್ಟು ಕಡಿಮೆ ಕಾಲ ಕೈಯಲ್ಲಿರುವಾಗ ಮನೆಯವರು ಯಾವ ಸಂದೇಶವನ್ನಾದರೂ ನಂಬಿದರೆ ಅದು ಅವರ ದಡ್ಡತನವಲ್ಲ, ಸಂಕಟ.

ಸಂಕಟದಲ್ಲಿ ವೈದ್ಯರೂ ಅವಸರ ಮಾಡಿದ್ದುಂಟು. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2010-11ರಲ್ಲಿ ಇಬ್ಬರು ನರ ಶಸ್ತ್ರವೈದ್ಯರು ಮೂವರು ಗ್ಲಯೋಬ್ಲಾಸ್ಟೋಮಾ ರೋಗಿಗಳ ತಲೆಯ ಗಾಯಕ್ಕೆ ಎಂಟೆರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಬೇಕೆಂದೇ ಸೇರಿಸಿದರು. ಅದು ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಸೋಂಕಿನಿಂದ ಪಡೆ ಎಚ್ಚೆತ್ತು ಗಡ್ಡೆಯ ಮೇಲೂ ಬೀಳಲಿ ಎಂಬುದು ಎಣಿಕೆ. ರೋಗಿಗಳು ಒಪ್ಪಿದ್ದರು, ಆದರೆ ನಿಯಮದಂತೆ ಪಡೆಯಬೇಕಾದ ಅನುಮತಿ ಇರಲಿಲ್ಲ. ಮೂವರೂ ತೀರಿಕೊಂಡರು. 2012ರಲ್ಲಿ ವಿಷಯ ಹೊರಬಂದು ದೊಡ್ಡ ವಿವಾದವಾಯಿತು.

ದಾರಿಗಳು ಕೂಡಿದ ವರ್ಷಗಳು

2013ರಲ್ಲಿ ಫ್ರಾನ್ಸಿನ ಲಾರೆನ್ಸ್ ಜಿಟ್‌ವೋಗೆಲ್ ತಂಡವೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡವೂ ಒಂದೇ ಬಗೆಯ ಸುದ್ದಿ ಕೊಟ್ಟವು: ಕರುಳಿನ ಬ್ಯಾಕ್ಟೀರಿಯಾಗಳನ್ನು ಆಂಟಿಬಯೋಟಿಕ್ ಕೊಟ್ಟು ಅಳಿಸಿದರೆ ಇಲಿಗಳಲ್ಲಿ ಕೆಲವು ಕ್ಯಾನ್ಸರ್ ಔಷಧಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. 2015ರಲ್ಲಿ ಶಿಕಾಗೋದ ತಂಡ ಎರಡು ಬೇರೆ ಬೇರೆ ಸಾಕಣೆದಾರರಿಂದ ತಂದ ಒಂದೇ ತಳಿಯ ಇಲಿಗಳಲ್ಲಿ ಮೆಲನೋಮಾ ಬೇರೆ ಬೇರೆ ವೇಗದಲ್ಲಿ ಬೆಳೆಯುವುದನ್ನು ಕಂಡಿತು. ಎರಡನ್ನೂ ಒಂದೇ ಪಂಜರದಲ್ಲಿಟ್ಟರೆ ವ್ಯತ್ಯಾಸ ಮಾಯ! ಇಲಿಗಳು ಪರಸ್ಪರ ಹಿಕ್ಕೆ ತಿನ್ನುತ್ತವೆ, ಬ್ಯಾಕ್ಟೀರಿಯಾಗಳು ಹಂಚಿಹೋಗುತ್ತವೆ. 2018ರಲ್ಲಿ 249 ರೋಗಿಗಳ ದಾಖಲೆ ನೋಡಿದಾಗ ಬ್ರೇಕು ಬಿಡಿಸುವ ಔಷಧದ ಆಸುಪಾಸಿನಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಪ್ರಯೋಜನ ಕಡಿಮೆಯಾಗಿತ್ತು. 2021ರಲ್ಲಿ ಪಿಟ್ಸ್‌ಬರ್ಗಿನಲ್ಲಿ, ಔಷಧಕ್ಕೆ ಬಗ್ಗದ ಮೆಲನೋಮಾ ರೋಗಿಗಳ ಕರುಳಿಗೆ ಗುಣ ಕಂಡವರ ಮಲದ ಬ್ಯಾಕ್ಟೀರಿಯಾಗಳನ್ನು ಸೇರಿಸಿ ಅದೇ ಔಷಧ ಕೊಟ್ಟಾಗ 15 ಮಂದಿಯಲ್ಲಿ 6 ಮಂದಿಗೆ ಉಪಯೋಗವಾಯಿತು.

ಇವೆಲ್ಲ ಮೆದುಳಿನ ಹೊರಗಿನ ಕ್ಯಾನ್ಸರ್‌ಗಳು. ಮೆದುಳಿನ ಕಡೆಯ ಸುದ್ದಿ ಇನ್ನೊಂದು ಬಾಗಿಲಿನಿಂದ ಬಂತು. 2014ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಅಣುಜೀವಿರಹಿತ ಇಲಿಗಳಲ್ಲಿ ರಕ್ತ-ಮೆದುಳಿನ ತಡೆ ಸಡಿಲವಾಗಿರುವುದನ್ನು ಕಂಡರು. 2015ರಲ್ಲಿ ಜರ್ಮನಿಯ ಫ್ರೈಬರ್ಗಿನ ತಂಡ ಇಂತಹ ಇಲಿಗಳ ಮೈಕ್ರೋಗ್ಲಿಯಾಗಳು ಬಲಿಯದೆ ಮಂಕಾಗಿರುವುದನ್ನು ತೋರಿಸಿತು. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿದಾಗ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಅವನ್ನು ನೀರಿಗೆ ಬೆರೆಸಿ ಕೊಟ್ಟಾಗ ಮೆದುಳಿನ ಕಾವಲುಗಾರರು ಬಹುಮಟ್ಟಿಗೆ ಚೇತರಿಸಿಕೊಂಡರು. ಬ್ಯಾಕ್ಟೀರಿಯಾ ಮೆದುಳಿಗೆ ಹೋಗಬೇಕಾಗಿಲ್ಲ, ಅದರ ಅಡುಗೆಯ ಸಾರ ಹೋದರೆ ಸಾಕು!

ಇನ್ನುಳಿದಿದ್ದು ನೇರವಾಗಿ ಮೆದುಳಿನ ಗಡ್ಡೆ. 2020ರಲ್ಲಿ ರೋಮಿನ ತಂಡ ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟು ಆಮೇಲೆ ಗ್ಲಯೋಮಾ ಹಾಕಿತು. ಗಡ್ಡೆ ದೊಡ್ಡದಾಗಿ ಬೆಳೆಯಿತು. ಗಡ್ಡೆಯ ಕೋಶಗಳನ್ನು ಕೊಲ್ಲಬೇಕಾದ ಸಹಜ ಹಂತಕ ಕೋಶಗಳು ಕುಂದಿದ್ದವು. 2021ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಐವರು ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಇಲಿಗಳಿಗೆ ನೆಲೆಗೊಳಿಸಿ, ಗ್ಲಯೋಮಾ ಹಾಕಿ, ಬ್ರೇಕು ಬಿಡಿಸುವ ಔಷಧ ಕೊಟ್ಟರು. ಕೆಲವರ ಬ್ಯಾಕ್ಟೀರಿಯಾ ಪಡೆದ ಇಲಿಗಳಿಗೆ ಔಷಧ ಹಿಡಿಯಿತು, ಉಳಿದವರ ಬ್ಯಾಕ್ಟೀರಿಯಾ ಪಡೆದವಕ್ಕೆ ಹಿಡಿಯಲಿಲ್ಲ. ಔಷಧ ಒಂದೇ, ಗಡ್ಡೆ ಒಂದೇ, ಕರುಳಿನ ನೆಂಟರು ಮಾತ್ರ ಬೇರೆ.

2023ರಲ್ಲಿ ಎರಡು ಮುಖ್ಯ ವರದಿಗಳು ಬಂದವು. ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯವರು, ಮೆದುಳಿನಲ್ಲಿ ಗಡ್ಡೆ ಬೆಳೆದಂತೆ ಇಲಿಯ ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ, ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಕಡಿಮೆಯಾಗುತ್ತದೆ, ಅದನ್ನು ಒದಗಿಸಿದರೆ ಔಷಧದ ಫಲ ಹೆಚ್ಚುತ್ತದೆ ಎಂದರು. ಅಂದರೆ ದಾರಿ ಎರಡೂ ಕಡೆಗೆ ತೆರೆದಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಂಡ ಇಲಿಯನ್ನು ಬಿಟ್ಟು ಮನುಷ್ಯನನ್ನೇ ನೋಡಿತು. ಗ್ಲಯೋಬ್ಲಾಸ್ಟೋಮಾ ರೋಗಿಯ ಗಡ್ಡೆಯೊಳಗಿಂದ ತೆಗೆದ ಟಿ ಕೋಶಗಳು ಗಡ್ಡೆಯ ತುಣುಕುಗಳನ್ನು ಗುರುತಿಸಿದಂತೆಯೇ ಕರುಳಿನ ಬ್ಯಾಕ್ಟೀರಿಯಾಗಳ ಪ್ರೋಟೀನು ತುಣುಕುಗಳನ್ನೂ ಗುರುತಿಸಿದವು. ಹೊರಗೆ ಗುರುತು ಹಿಡಿಯಲು ಕಲಿತ ಪಡೆ ಮೆದುಳಿನೊಳಗೆ ಹೋಗಬಲ್ಲುದು ಎಂಬ ಮೆಡಾವರ್ ಅವರ ಆ ಎರಡನೆಯ ಮಾತಿಗೆ ಎಪ್ಪತ್ತೈದು ವರ್ಷಗಳ ಮೇಲೆ ಹೀಗೊಂದು ಮರುದನಿ ಸಿಕ್ಕಿತು.

ಹಾಗಾದರೆ ಮನೆಯವರಿಗೆ ಏನು ಹೇಳುವುದು?

ಕರುಳಿನ ಬ್ಯಾಕ್ಟೀರಿಯಾಗಳಿಗೂ ಮೆದುಳಿನ ಗಡ್ಡೆಯ ವಿರುದ್ಧದ ಪಡೆಗೂ ಸಂಬಂಧವಿದೆ ಎಂಬುದು ಹೌದು. ಕರುಳನ್ನು ತಿದ್ದಿ ಮನುಷ್ಯನ ಮೆದುಳಿನ ಗಡ್ಡೆ ಗುಣಪಡಿಸಿದ್ದಾರೆ ಎಂಬುದು ಇಲ್ಲ. ನಾವು ಮೇಲೆ ಹೇಳಿದ ಮೆದುಳಿನ ಗಡ್ಡೆಯ ಪ್ರಯೋಗಗಳಲ್ಲಿ ಹೆಚ್ಚಿನವು ಇಲಿಗಳಲ್ಲಿ ನಡೆದವು. ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಬಿದ್ದುಹೋದ ಔಷಧಗಳಿಗೆ ಲೆಕ್ಕವಿಲ್ಲ.

ಟ್ರಿಪ್ಟೊಫಾನ್ ಗುಳಿಗೆ ತರಿಸೋಣವೇ ಎಂದು ಕೇಳುವವರಿದ್ದಾರೆ. 2011ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನವರು ಇನ್ನೊಂದು ಮುಖ ತೋರಿಸಿದ್ದರು. ಮೆದುಳಿನ ಗಡ್ಡೆ ಅದೇ ಟ್ರಿಪ್ಟೊಫಾನನ್ನು ಕೈನುರೆನಿನ್ ಎಂಬ ವಸ್ತುವಾಗಿ ಮಾರ್ಪಡಿಸಿ, ಅದರಿಂದಲೇ ಪಡೆಯನ್ನು ಮಲಗಿಸುತ್ತದೆ! ಒಂದೇ ವಸ್ತು ಒಬ್ಬರ ಕೈಯಲ್ಲಿ ಗುರಾಣಿ, ಇನ್ನೊಬ್ಬರ ಕೈಯಲ್ಲಿ ಕತ್ತಿ. ಆದ್ದರಿಂದ ಅಂಗಡಿಯ ಗುಳಿಗೆಗೆ ಕೈಹಾಕುವುದು ಬೇಡ. ಒಳ್ಳೆಯ ಬ್ಯಾಕ್ಟೀರಿಯಾ ಎಂದು ಮಾರುವ ಪುಡಿಗಳ ವಿಷಯವೂ ಅಷ್ಟೆ. 2021ರ ಮೆಲನೋಮಾ ಅಧ್ಯಯನದಲ್ಲಿ ಹೆಚ್ಚು ನಾರು ತಿಂದವರಿಗೆ ಔಷಧ ಚೆನ್ನಾಗಿ ಹಿಡಿದಂತೆ ಕಂಡಿತು, ಅಂಗಡಿಯ ಬ್ಯಾಕ್ಟೀರಿಯಾ ಪುಡಿ ತಿಂದವರಿಗೆ ಅಂತಹ ಲಾಭ ಕಾಣಲಿಲ್ಲ. ನಮ್ಮ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಸೊಪ್ಪು, ಬಾಳೆದಿಂಡಿನ ಪಲ್ಯ ಇವೆಲ್ಲ ಒಳ್ಳೆಯ ಊಟವೇ. ಊಟವನ್ನು ಊಟವೆಂದೇ ಉಣ್ಣಿ, ಚಿಕಿತ್ಸೆಯೆಂದು ಉಣ್ಣಬೇಡಿ. ವಿಕಿರಣ, ಗುಳಿಗೆ ನಡೆಯುತ್ತಿರುವ ರೋಗಿಗೆ ಏನು ಕೊಡಬೇಕೆಂಬುದನ್ನು ಚಿಕಿತ್ಸೆ ಮಾಡುವ ವೈದ್ಯರನ್ನೇ ಕೇಳಿ.

ಇಂದೇ ಎಲ್ಲರೂ ಮಾಡಬಹುದಾದ ಒಂದು ಕೆಲಸವಿದೆ. ಶೀತಕ್ಕೂ ಸಣ್ಣ ಜ್ವರಕ್ಕೂ ಚೀಟಿಯಿಲ್ಲದೆ ಆಂಟಿಬಯೋಟಿಕ್ ತಂದು ನುಂಗುವ ಅಭ್ಯಾಸವನ್ನು ಬಿಡುವುದು. ಶೀತ ವೈರಸ್ಸಿನದು, ಅದಕ್ಕೆ ಈ ಔಷಧ ತಾಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ತಾಗುತ್ತದೆ. ಇಂತಹ ಔಷಧಗಳ ಮಾರಾಟಕ್ಕೆ ದೇಶದಲ್ಲಿ 2014ರಿಂದ ಎಚ್1 ಪಟ್ಟಿಯ ನಿಯಮವಿದೆ, ನಮ್ಮ ಕೇರಳ 2018ರಲ್ಲೇ ಇದಕ್ಕೆಂದು ರಾಜ್ಯಮಟ್ಟದ ಯೋಜನೆ ಮಾಡಿಕೊಂಡಿದೆ. ಆದರೆ ವೈದ್ಯರು ಸೋಂಕಿಗೆಂದು ಬರೆದುಕೊಟ್ಟ ಆಂಟಿಬಯೋಟಿಕ್ಕನ್ನು ಹೆದರಿ ನಿಲ್ಲಿಸಬಾರದು. ಗಾಡ್ಲೀ ಅವರ ರೋಗಿಯ ಪ್ರಾಣ ತೆಗೆದದ್ದು ಗಡ್ಡೆಯಲ್ಲ, ಸೋಂಕು.

ಶಿಕ್ಷಕ ಬಂಧುಗಳಲ್ಲಿ ಒಂದು ಕೋರಿಕೆ. ಜೀರ್ಣಾಂಗ, ನರವ್ಯೂಹ, ರೋಗನಿರೋಧಕ ಶಕ್ತಿ ಈ ಮೂರು ಪಾಠಗಳು ಮುಗಿದ ಮೇಲೆ ಒಂದು ಪೀರಿಯಡ್ ಉಳಿಸಿಕೊಳ್ಳಿ. ಕರಿಹಲಗೆಯ ಎಡಕ್ಕೆ ಕರುಳಿನ ಇಸವಿಗಳು, ಬಲಕ್ಕೆ ಮೆದುಳಿನ ಇಸವಿಗಳು. 1677, 1681, 1884, 1885, 1895, 1908, 1919, 1948, 2015, 2023... ಗೆರೆ ಎಳೆದು ಜೋಡಿಸುವ ಕೆಲಸ ಮಕ್ಕಳದಾಗಲಿ. 1885ರ ಮುಂದೆ ಎರಡೂ ಕಡೆ ಹೆಸರು ಬರುವುದನ್ನು ಅವರೇ ಕಂಡುಹಿಡಿಯಲಿ. ಮುಂದೊಂದು ದಿನ ಅವರ ಮೊಬೈಲಿಗೂ ಅಂತಹ ಸಂದೇಶ ಬಂದೇ ಬರುತ್ತದೆ. ಅದರಲ್ಲಿ ಎಷ್ಟು ಹೌದು, ಎಷ್ಟು ಅಲ್ಲ ಎಂದು ಮನೆಯವರಿಗೆ ಕನ್ನಡದಲ್ಲೇ ಬಿಡಿಸಿ ಹೇಳಲು ಆಗ ನಾವು ಪಕ್ಕದಲ್ಲಿರುವುದಿಲ್ಲ.